ಬ್ಯಾಂಕಾಕಿನಲ್ಲಿ ನಾಲ್ಕು ದಿನ, ಗೈಡ್ ನಾನೇ

ಕೆಲವರ ಜೀವನದಲ್ಲಿ ದೊಡ್ಡ ಸಂಗತಿಗಳು ನಡೆಯುತ್ತವೆ. ನನಗೆ ನಡೆಯುವುದೆಲ್ಲ ನಗೆಪಾಟಲಿನವು. ಅದೂ ನಾನು ಬಹಳ ಯೋಚಿಸಿ, ದೇವರನ್ನು ನೆನೆದು, ಎರಡೆರಡು ಸಲ ಪರೀಕ್ಷಿಸಿ ಮಾಡಿದ ಕೆಲಸಗಳಲ್ಲೇ. ಅವಸರದಲ್ಲಿ ಮಾಡಿದ ತಪ್ಪನ್ನು ಜನ ಮರೆತುಬಿಡುತ್ತಾರೆ. ನಿಧಾನವಾಗಿ ಮಾಡಿದ ತಪ್ಪಿಗೆ ಸಾಕ್ಷಿಗಳು ಜಾಸ್ತಿ.

ನಾನು ಉಡುಪಿ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಬಹ್ರೇನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೆಂಡತಿ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನೂ ಸೇರಿಸಿ ಬಹಳ ಜನರನ್ನು ನೋಡಿಕೊಳ್ಳುವುದು ಅವಳ ಕೆಲಸ.

ಷರತ್ತು

ನಮ್ಮ ಮದುವೆಗೆ ಇಪ್ಪತ್ತೈದು ತುಂಬುವ ವರ್ಷ. ಒಂದು ಸಂಜೆ ಜಪಸರ ಮುಗಿಸಿ ಎದ್ದವನು, ವಾಡಿಕೆಯಂತೆ, "ಈದ್ ರಜೆಗೆ ಊರಿಗೆ ಟಿಕೆಟ್ ನೋಡಲಾ?" ಎಂದು ಕೇಳಿದೆ.

"ಬೇಡ" ಎಂದಳು.

ಈ ಪ್ರಶ್ನೆಗೆ ಈ ಉತ್ತರ ನಾನು ಕೇಳಿದ್ದು ಅದೇ ಮೊದಲು. ಮೈಗೆ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದೆ.

"ಊರಿಗೆ ಹೋದರೆ ನನಗೆ ಅಲ್ಲಿಯೂ ಡ್ಯೂಟಿಯೇ ಅಲ್ವಾ ಮಾರಾಯ್ರೆ? ಬೆಳಿಗ್ಗೆ ಚಾ ಕುಡಿಯುವ ಮೊದಲೇ ನಿಮ್ಮ ದೊಡ್ಡಮ್ಮ ತೋಳು ಮಡಚಿ ಬಂದು ಕೂತುಕೊಳ್ತಾರೆ, ಬಿಪಿ ನೋಡು ಅಂತ. ಹತ್ತು ಗಂಟೆಗೆ ಅಂಗಳದಲ್ಲಿ ಕ್ಯೂ. ಕಳೆದ ಸಲ ಒಬ್ಬರು ಎಮ್ಮೆಗೆ ಹುಷಾರಿಲ್ಲ ಅಂತ ಕರೆದುಕೊಂಡು ಹೋದರು."

"ನೀನು ನೋಡಿದೆಯಲ್ಲ?"

"ನೋಡಿದೆ. ಅದಕ್ಕೂ ಜ್ವರ ಇತ್ತು."

ಆಮೇಲೆ ಅವಳು ನಿಧಾನವಾಗಿ ತನಗೆ ಬೇಕಾದದ್ದನ್ನು ಹೇಳಿದಳು. ನಾಲ್ಕೇ ದಿನ. ತಾನು ನರ್ಸ್ ಎಂದು ಯಾರಿಗೂ ಗೊತ್ತಿಲ್ಲದ ಊರು. ನಮ್ಮ ಚರ್ಚಿನವರ ಗುಂಪು ಬೇಡ. ಗುಂಪಿನಲ್ಲಿ ಹೋದರೆ ಎಲ್ಲರ ಮಾತ್ರೆಯ ಡಬ್ಬಿ ತನ್ನ ಚೀಲಕ್ಕೇ ಬರುತ್ತದೆ. ಗೈಡೂ ಬೇಡ. "ಎಲ್ಲ ನೀವೇ ನೋಡಿಕೊಳ್ಳಬೇಕು. ಹೀಗೆ ಮಾಡಿ, ಹಾಗೆ ಬೇಡ ಅಂತ ನಾನು ಬಾಯಿ ಬಿಡುವುದಿಲ್ಲ. ದಾರಿ ತಪ್ಪಿದರೂ ನಿಮ್ಮ ಹಿಂದೆಯೇ ಬರ್ತೇನೆ. ನಾಲ್ಕು ದಿನದಲ್ಲಿ ಒಂದೇ ಒಂದು ಸಲ ನಾನು ಮಧ್ಯೆ ಬಂದು ಸರಿ ಮಾಡುವ ಹಾಗೆ ಆಯಿತೋ, ಮುಂದಿನ ವರ್ಷದಿಂದ ಮತ್ತೆ ಅದೇ ಅಂಗಳ, ಅದೇ ಎಮ್ಮೆ. ಇಲ್ಲದಿದ್ದರೆ ವರ್ಷಕ್ಕೊಂದು ಸಲ ಹೀಗೆ, ನಾವಿಬ್ಬರೇ."

ಅವಳ ಮುಖದಲ್ಲಿ ಆಸೆ ಎಷ್ಟಿತ್ತೆಂದರೆ ನಾನು ಎರಡನೆಯ ಸಲ ಯೋಚಿಸಲಿಲ್ಲ. "ಆಯ್ತು, ಒಪ್ಪಿದೆ. ಯಾವ ಊರಿಗೆ ಹೋಗುವಾ, ಹೇಳು" ಎಂದೆ.

ಅವಳು ಮಾತಾಡದೆ ನನ್ನ ಮುಖವನ್ನೇ ನೋಡುತ್ತ ಕುಳಿತಳು. ಷರತ್ತು ಆಗಲೇ ಶುರುವಾಗಿತ್ತು.

ಸಾಧಾರಣ ಆಶೀರ್ವಾದ

ಕೊನೆಗೆ ಊರು ಆರಿಸಿದ್ದು ಮಗಳು. "ಡ್ಯಾಡಿ, ಬ್ಯಾಂಕಾಕ್. ಡೈರೆಕ್ಟ್ ಫ್ಲೈಟ್. ಮಮ್ಮಿ ವಿಲ್ ಲವ್ ಇಟ್" ಎಂದಳು. ಫೋನಿನಲ್ಲಿ ನಕ್ಷೆಯನ್ನೂ ಹಾಕಿಕೊಟ್ಟಳು. ನನಗೆ ಫೋನಿನ ನಕ್ಷೆಯ ಮೇಲೆ ನಂಬಿಕೆ ಕಡಿಮೆ. ಅದರಲ್ಲಿ ನಾವು ನಿಂತ ಜಾಗವೇ ತಿರುಗುತ್ತಿರುತ್ತದೆ. ಮನೆ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ತಂದು, ಮಗಳು ಓದಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡೆ. ಮೊದಲ ಪುಟದಲ್ಲಿ ಶಿಲುಬೆಯ ಗುರುತು, ಎರಡನೆಯದರಲ್ಲಿ ವಿಮಾನದ ಹೊತ್ತು.

ಕಚೇರಿಯಲ್ಲಿ ರಜೆಯ ಅರ್ಜಿ ಕೊಟ್ಟೆ. ನಮ್ಮ ರಿಸೆಪ್ಷನ್ನಿನಲ್ಲಿ ಕೂರುವ ಬಹ್ರೇನಿ ಗೆಳೆಯ ಅದನ್ನು ಓದಿ ಕುರ್ಚಿಯಿಂದಲೇ ಎದ್ದ. "ಯಾ ಸಲಾಂ! ಬ್ಯಾಂಕಾಕ್! ನೀನು!" ಎಂದು ಕಣ್ಣು ಹೊಡೆದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ಅವನಿಗೆ ಇಷ್ಟು ಗೌರವ ಹುಟ್ಟಿದ್ದು ಅದೇ ಮೊದಲು.

"ಮೇಡಂ ಕೂಡ ಬರ್ತಾಳೆ" ಎಂದೆ.

ಅವನ ಮುಖ ಇಳಿಯಿತು. "ಮಿಸ್ಕೀನ್" ಎಂದು, ಸಾವಿನ ಮನೆಯಲ್ಲಿ ತಟ್ಟುವ ಹಾಗೆ ನನ್ನ ಭುಜ ತಟ್ಟಿದ. ಪಾಪದವನು ಎಂದರ್ಥ.

ಆ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಫಾದರ್ ಹತ್ತಿರ ಹೋಗಿ ಪ್ರಯಾಣಕ್ಕೆ ಆಶೀರ್ವಾದ ಕೇಳಿದೆ. ಅವರೂ ಕರಾವಳಿಯವರೇ. ಯಾವ ಊರಿಗೆ ಎಂದು ಕೇಳಿದರು. ಹೇಳಿದೆ. ಅವರು ಎತ್ತಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಯಾರ ಜೊತೆ?"

"ಹೆಂಡತಿಯ ಜೊತೆ ಫಾದರ್."

"ಹಾಗಾದರೆ ಸಾಧಾರಣ ಆಶೀರ್ವಾದ ಸಾಕು" ಎಂದು ಕೈಯನ್ನು ನನ್ನ ತಲೆಯ ಮೇಲಿಟ್ಟರು.

ಕಾರ್ಟನ್

ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ರೂಢಿ ಉಂಟು. ವಿಮಾನ ಹತ್ತುವುದು ಎಂದರೆ ಕಾರ್ಟನ್ ಕಟ್ಟುವುದು. ಟಿಕೆಟ್ ಆದ ಮರುದಿನವೇ ಮನಾಮದ ಅಂಗಡಿಗಳಿಗೆ ಹೋಗಿ ಹಾಲಿನ ಪುಡಿ, ಸೋಪು, ಖರ್ಜೂರ, ಬಾದಾಮಿ, ಟಾರ್ಚು, ನೋವಿನ ಮುಲಾಮು ತರಬೇಕು. ತೂಕ ನೋಡಬೇಕು, ಹಗ್ಗ ಬಿಗಿಯಬೇಕು, ದಪ್ಪ ಪೆನ್ನಿನಲ್ಲಿ ನಾಲ್ಕೂ ಬದಿ ಹೆಸರು ಬರೆಯಬೇಕು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ಕೈ ತಾನಾಗಿಯೇ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ನಾನು ಮೂರು ಸಂಜೆ ಕೂತು ಕಾರ್ಟನ್ ಕಟ್ಟಿದೆ. ಹೆಂಡತಿ ಸೋಫಾದಲ್ಲಿ ಕೂತು ನೋಡಿದಳು. ಹಗ್ಗದ ಗಂಟು ಬಿಗಿಯುವಾಗ ಬೆರಳಿಡಲು ಕರೆದೆ, ಬಂದು ಬೆರಳಿಟ್ಟಳು. ಬಾಯಿ ಬಿಡಲಿಲ್ಲ.

ನನಗೆ ಅದು ಹೊಳೆದದ್ದು ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ. ಸಾಮಾನು ಬರುವ ಪಟ್ಟಿಯ ಮೇಲೆ ಬಣ್ಣಬಣ್ಣದ ಚಕ್ರದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಂದವು. ಅವುಗಳ ನಡುವೆ, ಹಗ್ಗ ಸುತ್ತಿಕೊಂಡು, ಮೈಮೇಲೆ ನಮ್ಮ ಹಳ್ಳಿಯ ಹೆಸರು ಮತ್ತು ಅಂಚೆ ಬರೆಸಿಕೊಂಡು ನಮ್ಮ ಕಾರ್ಟನ್ ಬಂತು. ಈ ಊರಿನಲ್ಲಿ ನನಗೆ ದೊಡ್ಡಮ್ಮ ಇಲ್ಲ, ಭಾವ ಇಲ್ಲ, ಮುಲಾಮು ಹಚ್ಚಿಕೊಳ್ಳುವ ನೆರೆಯವರೂ ಇಲ್ಲ.

"ಇದು ಯಾರಿಗೆ?" ಎಂದು ನನ್ನಷ್ಟಕ್ಕೇ ಹೇಳಿಕೊಂಡೆ.

"ನಾನೂ ಮೂರು ದಿನದಿಂದ ಅದನ್ನೇ ಯೋಚಿಸ್ತಾ ಇದ್ದೇನೆ" ಎಂದಳು ಹೆಂಡತಿ.

ವಾಪಸು ಹೊತ್ತೊಯ್ಯುವುದೆಂದರೆ ನಮ್ಮಲ್ಲಿ ಅಪಶಕುನ. ಹಾಗಾಗಿ ಹಂಚಲು ಶುರುಮಾಡಿದೆ. ಹೋಟೆಲಿನವರೆಗೆ ಬಿಟ್ಟ ಟ್ಯಾಕ್ಸಿಯವನಿಗೆ ಹಾಲಿನ ಪುಡಿ. ಅವನು ಡಬ್ಬಿಯನ್ನೂ ನನ್ನನ್ನೂ ನೋಡಿ, ಎರಡೂ ಕೈ ಮುಗಿದ. ಬೀದಿಯ ಮೂಲೆಯಲ್ಲಿ ಮಾವಿನಹಣ್ಣು ಕೊಯ್ದು ಕೊಡುವ ಅಜ್ಜಿಗೆ ಖರ್ಜೂರ. ಅವಳು ಮಾವು ಕೊಟ್ಟಳು, ಅದಕ್ಕೆ ನಾನು ಬಾದಾಮಿ ಕೊಟ್ಟೆ, ಅವಳು ಮತ್ತೆ ಮಾವು ಕೊಟ್ಟಳು. ಹೆಂಡತಿ ಬಂದು ಬಿಡಿಸದಿದ್ದರೂ ಮಳೆ ಬಂದು ಬಿಡಿಸಿತು. ಕೋಣೆ ಗುಡಿಸುವ ಹೆಂಗಸಿಗೆ ಒಂದು ಡಜನ್ ಸೋಪು ಕೊಟ್ಟೆ. ಮರುದಿನ ನಮ್ಮ ಬಚ್ಚಲಲ್ಲಿ ಎರಡರ ಬದಲು ಎಂಟು ಸೋಪು ಇತ್ತು. ಮುಲಾಮನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಬುಡ ತಿರುಗಿಸಿ ನೋಡಿದರೆ ಅದು ತಯಾರಾದದ್ದೇ ಆ ದೇಶದಲ್ಲಿ.

ಹೊರಡುವ ಹೊತ್ತಿಗೆ ಆ ಬೀದಿಯಲ್ಲಿ ನಮ್ಮನ್ನು ಕೈಬೀಸಿ ಕಳುಹಿಸಲು ಒಂಬತ್ತು ಜನ ನಿಂತಿದ್ದರು. ಊರಿನಲ್ಲಿ ಈಗೀಗ ಅಷ್ಟು ಜನ ಬರುವುದಿಲ್ಲ.

ಅಡ್ಡ ಮತ್ತು ಉದ್ದ

ಮೊದಲ ದಿನದ ಮಧ್ಯಾಹ್ನ. ನಮ್ಮ ಹೋಟೆಲ್ ಇದ್ದದ್ದು ನದಿಯ ಹತ್ತಿರ. ಆಚೆ ದಡದಲ್ಲಿ ಒಂದು ಎತ್ತರದ ಗೋಪುರ, ಅದರ ಮೈತುಂಬ ಪಿಂಗಾಣಿ ಚೂರಿನ ಹೂವು. ನೋಡಲೇಬೇಕು ಎಂದು ನನ್ನ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದಿತ್ತು.

ಇಲ್ಲಿ ನನಗೆ ಧೈರ್ಯ ಬಂತು. ಏಕೆಂದರೆ ನಾನು ಹೊಳೆಯ ಕಡವಿನ ಪಕ್ಕದಲ್ಲೇ ಹುಟ್ಟಿ ಬೆಳೆದವನು. ದೋಣಿ ಹತ್ತಿಯೇ ಶಾಲೆಗೆ ಹೋದವನು. ದೋಣಿಯ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ: ಈ ದಡದಲ್ಲಿ ಹತ್ತುವುದು, ಆ ದಡದಲ್ಲಿ ಇಳಿಯುವುದು. "ಬಾ, ದೋಣಿ ಬಂತು" ಎಂದು ಹೆಂಡತಿಯ ಕೈಹಿಡಿದು, ಬಂದ ಮೊದಲ ದೋಣಿಗೆ ಹತ್ತಿಸಿದೆ.

ದೋಣಿ ಅಡ್ಡ ಹೋಗಲಿಲ್ಲ. ಉದ್ದ ಹೋಯಿತು.

ನನಗೆ ಗಾಬರಿಯಾಗಲಿಲ್ಲ. ನಮ್ಮ ಕಡವಿನಲ್ಲೂ ನೀರಿನ ಸೆಳೆತ ಜಾಸ್ತಿ ಇದ್ದರೆ ಅಂಬಿಗ ಸ್ವಲ್ಪ ಮೇಲಕ್ಕೆ ಹೋಗಿಯೇ ಆಮೇಲೆ ತಿರುಗಿಸುತ್ತಿದ್ದ. "ಈಗ ತಿರುಗಿಸ್ತಾನೆ ನೋಡು" ಎಂದೆ. ಗೋಪುರ ಎಡಕ್ಕೆ ಬಂತು, ಹಿಂದಕ್ಕೆ ಹೋಯಿತು, ಬೆರಳಿನಷ್ಟಾಯಿತು. "ಸೆಳೆತ ಜೋರುಂಟು" ಎಂದೆ. ಒಂದು ಸೇತುವೆ ದಾಟಿತು. ಇನ್ನೊಂದು ಸೇತುವೆ ದಾಟಿತು. ತಗಡಿನ ಡಬ್ಬಿಯನ್ನು ಟಕಟಕ ಬಡಿಯುತ್ತ ಟಿಕೆಟ್ ಕೊಡುವ ಹೆಂಗಸು ಮೂರು ಸಲ ನಮ್ಮ ಮುಂದೆ ಬಂದು ಎಲ್ಲಿಗೆ ಎಂದು ಸನ್ನೆಯಲ್ಲಿ ಕೇಳಿದಳು. ನಾನು ಮೂರು ಸಲವೂ ಆಚೆ ದಡವನ್ನು ತೋರಿಸಿದೆ. ಅವಳಿಗೆ ಅದು ತಪ್ಪೆಂದು ಹೇಳಲಾಗಲಿಲ್ಲ. ಆಚೆ ದಡ ಎಲ್ಲ ಕಡೆಯೂ ಇತ್ತು.

ಒಂದು ಗಂಟೆಯ ಮೇಲೆ ದೋಣಿ ಕೊನೆಯ ನಿಲ್ದಾಣದಲ್ಲಿ ನಿಂತಿತು. ಎಲ್ಲರೂ ಇಳಿದರು. ನಾವು ಹತ್ತಿದ ದಡದಲ್ಲೇ ಇದ್ದೆವು.

ಹೆಂಡತಿಯ ಮುಖ ನೋಡಿದೆ. ಗಾಳಿಗೆ ಕೂದಲು ಬಿಚ್ಚಿಹೋಗಿತ್ತು, ಕೈಯಲ್ಲಿ ಮಾವಿನ ಹೋಳಿತ್ತು. ಬಹಳ ವರ್ಷಗಳಿಂದ ಅವಳನ್ನು ಅಷ್ಟು ಆರಾಮಾಗಿ ನಾನು ನೋಡಿರಲಿಲ್ಲ.

"ನಿನಗೆ ಗೊತ್ತಿತ್ತಾ, ಇದು ಅಡ್ಡ ಹೋಗುವ ದೋಣಿ ಅಲ್ಲ ಅಂತ?"

"ಹತ್ತುವಾಗಲೇ ಗೊತ್ತಿತ್ತು. ಅಡ್ಡ ಹೋಗುವ ದೋಣಿಯ ಬೋರ್ಡು ಪಕ್ಕದಲ್ಲೇ ಇತ್ತು. ಚಿತ್ರ ಸಹಿತ."

"ಹೇಳಬಾರದಿತ್ತಾ?"

"ನಾನು ರಜೆಯಲ್ಲಿದ್ದೇನೆ" ಎಂದಳು.

ಕೆಂಪು ಕರವಸ್ತ್ರ

ಶನಿವಾರ ಮಲಗಿದ ಬುದ್ಧನ ದೇವಸ್ಥಾನಕ್ಕೆ ಹೋದೆವು. ಯಾರ ದೇವರಾದರೂ ದೇವರ ಮನೆ ಎಂದರೆ ನಾನು ಶುಚಿಯಾಗಿ ಹೋಗುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು. ಹೋಟೆಲಿನ ಕೀಲಿಕಾರ್ಡು ಕಳೆದುಹೋಗದಿರಲಿ ಎಂದು ಅದನ್ನು ಕಚೇರಿಯ ಗುರುತುಚೀಟಿಯ ಪಟ್ಟಿಗೆ ಸಿಕ್ಕಿಸಿ ಕುತ್ತಿಗೆಗೆ ಹಾಕಿಕೊಂಡಿದ್ದೆ. ಅಲ್ಲಿ ಜನವೋ ಜನ. ಹೆಂಡತಿ ಗಿಡ್ಡ, ಗುಂಪಿನಲ್ಲಿ ಕಾಣೆಯಾಗುತ್ತಾಳೆ. ನಾನು ಮಡಚಿದ ಕೊಡೆಯ ತುದಿಗೆ ಕೆಂಪು ಕರವಸ್ತ್ರ ಕಟ್ಟಿ, ಮೇಲೆತ್ತಿ ಹಿಡಿದು, "ಇದನ್ನೇ ನೋಡ್ತಾ ಬಾ" ಎಂದೆ.

ಸ್ವಲ್ಪ ದೂರ ನಡೆದು ತಿರುಗಿ ನೋಡಿದರೆ ಹೆಂಡತಿಯ ಹಿಂದೆ ಹದಿನಾಲ್ಕು ಜನ. ಉತ್ತರ ಭಾರತದ ಯಾವುದೋ ಪೇಟೆಯವರು. ಅಜ್ಜ, ಅಜ್ಜಿ, ಮೂರು ಜೋಡಿ, ಮಕ್ಕಳು. ನಾನು ನಿಂತೆ, ಅವರೂ ನಿಂತರು. ನಾನು ಬದಿಗೆ ಸರಿದೆ; ಅವರೂ ಸರಿದರು.

"ಭಾಯಿಸಾಬ್, ನೀವು ನಮ್ಮ ಗೈಡ್ ಅಲ್ವಾ?" ಎಂದರು ಅವರ ಹಿರಿಯರು ಹಿಂದಿಯಲ್ಲಿ.

"ನಾನು ಬಹ್ರೇನಿನಿಂದ ಬಂದವನು" ಎಂದೆ.

"ಬಹಳ ದೂರದಿಂದ ಕರೆಸಿದ್ದಾರೆ" ಎಂದು ಅವರು ತಮ್ಮವರಿಗೆ ಹೆಮ್ಮೆಯಿಂದ ತಿಳಿಸಿದರು.

ಸುಳ್ಳು ಹೇಳುವುದು ನನ್ನಿಂದಾಗದು. ನಾನು ಗೈಡ್ ಅಲ್ಲ ಎಂದು ಎರಡು ಸಲ ಹೇಳಿದೆ. ಆದರೆ ಆ ಅಜ್ಜಿ, "ಬೇಟಾ, ಈ ಬುದ್ಧ ಏಕೆ ಮಲಗಿದ್ದಾನೆ?" ಎಂದು ಕೇಳಿದಳು. ಗೊತ್ತಿದ್ದದ್ದನ್ನು ಹಿರಿಯರು ಕೇಳಿದಾಗ ಹೇಳದಿರುವುದೂ ತಪ್ಪೇ. ಪುಸ್ತಕ ತೆರೆದು, ಕನ್ನಡದಲ್ಲಿದ್ದದ್ದನ್ನು ನಮ್ಮ ಮನಾಮ ಮಾರುಕಟ್ಟೆಯ ಹಿಂದಿಗೆ ತಿರುಗಿಸಿ ಓದಿದೆ. ತಲೆಯಿಂದ ಪಾದದ ತನಕ ನಿಧಾನವಾಗಿ ನಡೆಸಿದೆ. ಚಪ್ಪಲಿ ಸರಿಯಾಗಿ ಜೋಡಿಸಲು ಹೇಳಿದೆ. ಕಿರುಚಿದ ಮಕ್ಕಳನ್ನು ಗದರಿದೆ. ಅವರ ನಿಜವಾದ ಗೈಡ್, ಒಬ್ಬ ತೆಳ್ಳಗಿನ ಯುವಕ, ಬೆವರು ಸುರಿಸುತ್ತ ಓಡಿಬಂದಾಗ ಒಂದು ಗಂಟೆ ಕಳೆದಿತ್ತು. ಅಜ್ಜಿ ಅವನನ್ನು ನೋಡಿ, "ನಮಗೆ ಇವರೇ ಇರಲಿ" ಎಂದಳು.

ಬೀಳ್ಕೊಡುವಾಗ ಆ ಗುಂಪಿನ ಹೆಂಗಸೊಬ್ಬಳು ನನ್ನ ಹೆಂಡತಿಯನ್ನು ಬದಿಗೆ ಕರೆದು ಕೇಳಿದಳು. "ನಿಮ್ಮ ಗೈಡ್ ಬಹಳ ಒಳ್ಳೆಯವರು. ಸ್ವಲ್ಪ ನಿಧಾನ, ಅಷ್ಟೆ. ಎಲ್ಲಿ ಬುಕ್ ಮಾಡಿದ್ದು?"

"ನಾನು ಮಾಡಿದ್ದಲ್ಲ. ನಮ್ಮ ತಂದೆಯವರು ನೋಡಿ ಮಾಡಿದ್ದು. ಇಪ್ಪತ್ತೈದು ವರ್ಷ ಆಯಿತು, ಈಗ ಬದಲಿಸಲಿಕ್ಕೆ ಆಗುವುದಿಲ್ಲ" ಎಂದಳು.

ಏಳು ಜನರ ಪೂಜೆ

ಇನ್ನು ಉಳಿದದ್ದು ನನ್ನ ಭಕ್ತಿಯ ಪ್ರಸಂಗ. ಇದನ್ನು ಹೇಳದಿದ್ದರೆ ಹೆಂಡತಿ ಹೇಳುತ್ತಾಳೆ. ಅವಳು ಹೇಳಿದರೆ ಇನ್ನೂ ಉದ್ದವಾಗುತ್ತದೆ.

ಪ್ರವಾಸವಿರಲಿ, ಜ್ವರವಿರಲಿ, ವಾರದ ಪೂಜೆ ನಾನು ತಪ್ಪಿಸಿದವನಲ್ಲ. ಬಹ್ರೇನಿನಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಉಳಿದ ಲೋಕ ಭಾನುವಾರ ಮಾಡುವ ಪೂಜೆಯನ್ನು ನಾವು ಶುಕ್ರವಾರ ಮಾಡಿ ಮುಗಿಸುತ್ತೇವೆ. ಧರ್ಮಸಭೆಯೂ ಅದಕ್ಕೆ ಒಪ್ಪಿದೆ. ಇಪ್ಪತ್ತೆರಡು ವರ್ಷದಿಂದ ಶುಕ್ರವಾರ ಬೆಳಿಗ್ಗೆ ಎದ್ದರೆ ನನ್ನ ಕಾಲು ತಾನಾಗಿಯೇ ಚರ್ಚಿನ ಕಡೆ ನಡೆಯುತ್ತದೆ.

ಬ್ಯಾಂಕಾಕಿನಲ್ಲೂ ನಡೆಯಿತು. ಶುಕ್ರವಾರ ಬೆಳಿಗ್ಗೆ ಹೆಂಡತಿಗೆ ರೇಷ್ಮೆ ಸೀರೆ ಉಡಿಸಿ, ನಾನೂ ಕೋಟು ಹಾಕಿ, ನದಿಯ ಪಕ್ಕದ ಒಂದು ಹಳೆಯ ದೊಡ್ಡ ಚರ್ಚಿಗೆ ಹೋದೆವು. ಪೂಜೆ ನಡೆಯುತ್ತಿತ್ತು. ನಮ್ಮನ್ನು ಸೇರಿಸಿ ಏಳು ಜನ. ಹಾಡಿಲ್ಲ, ಪ್ರಬೋಧನೆ ಎರಡೇ ಮಾತಿನದು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನನಗೆ ಬಹಳ ಬೇಸರವಾಯಿತು.

"ನೋಡಿದೆಯಾ, ಈ ದೇಶದಲ್ಲಿ ವಿಶ್ವಾಸ ಎಲ್ಲಿಗೆ ಇಳಿದಿದೆ! ಇಷ್ಟು ದೊಡ್ಡ ಚರ್ಚು, ಏಳು ಜನ. ನಮ್ಮಲ್ಲಿ ಶುಕ್ರವಾರ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ" ಎಂದೆ.

ಹೆಂಡತಿ ಸೆರಗು ಸರಿಮಾಡಿಕೊಂಡು ನದಿಯನ್ನು ನೋಡಿದಳು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬ್ಯಾಂಕಾಕಿನ ಜನರ ಮನಪರಿವರ್ತನೆಗಾಗಿ ಒಂದು ಜಪಸರ ಹೇಳಿದೆ.

ಭಾನುವಾರ ನಾನು ಏಳುವಾಗ ಎಂಟೂವರೆ. ಹೆಂಡತಿ ಆಗಲೇ ಮಿಂದು, ಸೀರೆ ಉಟ್ಟು, ಕಿಟಕಿಯ ಬಳಿ ಕೂತಿದ್ದಳು. ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಬಿಸಿ ಬನ್ನು. "ಗಾಳಿಗೆ ಸ್ವಲ್ಪ ಹೊರಗೆ ಹೋಗಿದ್ದೆ" ಎಂದಳು. ನಾನು ಮೂರು ಬನ್ನು ತಿಂದೆ. ಆಮೇಲೆ ಸಂತೆ ನೋಡಲು ಟ್ಯಾಕ್ಸಿಯಲ್ಲಿ ಹೊರಟೆವು. ಅದೇ ಚರ್ಚಿನ ಮುಂದೆ ರಸ್ತೆ ತುಂಬ ಜನ, ಹೊಸ ಬಟ್ಟೆ, ಮಕ್ಕಳು, ಗಂಟೆಯ ಸದ್ದು.

"ಯಾರೋ ದೊಡ್ಡವರ ಮನೆಯ ಮದುವೆ" ಎಂದೆ.

"ಇರಬಹುದು" ಎಂದಳು.

ಬಹ್ರೇನಿಗೆ ಮರಳಿದ ಮೊದಲ ಶುಕ್ರವಾರ. ಪೂಜೆಗೆ ಮೊದಲು ಚರ್ಚಿನ ಅಂಗಳದಲ್ಲಿ ಅವಾಲಿಯಿಂದ ಬರುವ ನಮ್ಮ ಕಡೆಯವರೊಬ್ಬರು ಸಿಕ್ಕಿದರು. ಪ್ರವಾಸ ಹೇಗಾಯಿತು ಎಂದು ಕೇಳಿದರು. ನಾನು ಎಲ್ಲ ಬಿಟ್ಟು ಅದನ್ನೇ ಮೊದಲು ಹೇಳಿದೆ. "ಎಲ್ಲಿಗೆ ಹೋದರೂ ಪೂಜೆ ತಪ್ಪಿಸಲಿಲ್ಲ ನೋಡಿ. ಶುಕ್ರವಾರ ಬೆಳಿಗ್ಗೆಯೇ ಹೋದೆವು. ಆದರೆ ಅಲ್ಲಿ ಏಳೇ ಜನ!"

ಅವರು ಹತ್ತಿರ ಬಂದು ಕೇಳಿದರು. "ಭಾನುವಾರ ಎಷ್ಟು ಜನ ಇದ್ದರು?"

"ಭಾನುವಾರ ನಾವು ಸಂತೆಗೆ..." ಎಂದು ಶುರುಮಾಡಿದವನು ಅಲ್ಲಿಯೇ ನಿಂತೆ. ಅವರು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದರು.

ಹೆಂಡತಿಯ ಕಡೆ ತಿರುಗಿದೆ. "ಹಾಗಾದರೆ ನೀನೂ ತಪ್ಪಿಸಿದೆ?"

"ನಾನ್ಯಾಕೆ ತಪ್ಪಿಸಲಿ? ನೀವು ಗೊರಕೆ ಹೊಡೆಯುವಾಗ ಏಳು ಗಂಟೆಯ ಪೂಜೆಗೆ ಹೋಗಿ ಬಂದೆ. ಕೂರಲು ಜಾಗ ಇರಲಿಲ್ಲ. ಆ ಬನ್ನು ಚರ್ಚಿನ ಬಾಗಿಲಲ್ಲಿ ಮಾರುವುದು."

"ನನ್ನನ್ನು ಎಬ್ಬಿಸಬಾರದಿತ್ತಾ?"

"ಎಬ್ಬಿಸಿದ್ದರೆ ನಾನು ಮಧ್ಯೆ ಬಂದು ಸರಿ ಮಾಡಿದ ಹಾಗೆ ಆಗುತ್ತಿತ್ತು. ನೀವು ಸೋಲ್ತಿದ್ದಿರಿ" ಎಂದಳು. ಅವಳ ದನಿ ಮೆತ್ತಗಾಯಿತು. "ಅಷ್ಟು ಕಷ್ಟಪಟ್ಟು ಮೂರು ದಿನ ದಾಟಿಸಿದ್ದಿರಿ. ಮನಸ್ಸು ಬರಲಿಲ್ಲ."

ನನ್ನ ಆತ್ಮಕ್ಕೂ ಮುಂದಿನ ವರ್ಷದ ರಜೆಗೂ ನಡುವೆ ಅವಳು ರಜೆಯನ್ನು ಆರಿಸಿಕೊಂಡಿದ್ದಳು. ಇದರಿಂದ ನಾನು ಗೆದ್ದೆನೋ ಸೋತೆನೋ ಎಂಬುದೂ ಗೊತ್ತಾಗಲಿಲ್ಲ. ಇಬ್ಬರೂ ಪಾಪನಿವೇದನೆಯ ಸಾಲಿನಲ್ಲಿ ನಿಂತೆವು, ನಾನು ಮುಂದೆ, ಅವಳು ಹಿಂದೆ.

ನಾನು ಮೊಣಕಾಲೂರಿ, ಭಾನುವಾರದ ಪೂಜೆ ತಪ್ಪಿಸಿದ ಕಥೆಯನ್ನು ಮೊದಲಿನಿಂದ ಹೇಳಿದೆ. ಜಾಲರಿಯ ಆಚೆ ಫಾದರ್ ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ದೇವರಿಗೆ ಬಹ್ರೇನಿನ ಕ್ಯಾಲೆಂಡರೂ ಗೊತ್ತುಂಟು, ಹೆದರಬೇಡಿ" ಎಂದು, ಒಂದು ಜಪಸರ ಹೇಳಲು ತಿಳಿಸಿ ಕಳುಹಿಸಿದರು.

ಹೆಂಡತಿ ಒಳಗೆ ಹೋದವಳು ನನಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಹೊರಗೆ ಬಂದಾಗ ಮುಖ ಬಹಳ ಗಂಭೀರವಾಗಿತ್ತು. ಪೂಜೆ ಮುಗಿಯಿತು, ಕಾರು ಹತ್ತಿದೆವು, ಆಗಲೂ ಅದೇ ಮುಖ. ನನಗೆ ತಡೆಯಲಾಗಲಿಲ್ಲ.

"ನೀನು ಎಂತ ಹೇಳಿದ್ದು ಫಾದರ್ ಹತ್ತಿರ?"

"ಗಂಡ ಪೂಜೆ ತಪ್ಪಿಸುವುದನ್ನು ಕಣ್ಣಾರೆ ನೋಡಿಯೂ ಬಾಯಿ ಬಿಡಲಿಲ್ಲ ಅಂತ ಹೇಳಿದೆ."

"ಅದು ದೊಡ್ಡ ಪಾಪವೇ. ಎಂತ ಪ್ರಾಯಶ್ಚಿತ್ತ ಕೊಟ್ಟರು?"

ಅವಳು ದೀರ್ಘವಾಗಿ ಉಸಿರೆಳೆದಳು. "ಮುಂದಿನ ವರ್ಷವೂ ನಾಲ್ಕು ದಿನ ನಿಮ್ಮ ಹಿಂದೆಯೇ ಹೋಗಬೇಕಂತೆ."

ನಾನು ತಲೆಬಾಗಿಸಿ, "ಕೊಟ್ಟ ಪ್ರಾಯಶ್ಚಿತ್ತವನ್ನು ತಪ್ಪಿಸುವ ಹಾಗಿಲ್ಲ. ಧೈರ್ಯ ತಂದುಕೋ, ನಾನಿದ್ದೇನೆ" ಎಂದು ಅವಳ ಕೈ ಒತ್ತಿದೆ.

ಯಾವ ಫಾದರೂ ಅಂಥ ಪ್ರಾಯಶ್ಚಿತ್ತ ಕೊಡುವುದಿಲ್ಲ ಎಂದು ನನಗೆ ಹೊಳೆದದ್ದು ಮನೆ ಮುಟ್ಟಿ, ಕಾರು ನಿಲ್ಲಿಸಿ, ಲಿಫ್ಟಿನಲ್ಲಿ ನಾಲ್ಕನೆಯ ಮಹಡಿಗೆ ಬಂದ ಮೇಲೆ.